ಪಂಪಾಪತಿಯ ಹಗೇವು ಉಸಿರಾಡಿದ್ದು

ಬಾಗಲವಾಡದ ಪಂಪಾಪತಿಯ ಮನೆ ಮುಂದಿನ ಹಗೇವು ಎಷ್ಟು ಆಳವೆಂದರೆ, ಅದರ ಬಾಯಿಗೆ ಬಗ್ಗಿ ಬೆಳಿಗ್ಗೆ ಕೆಮ್ಮಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಮ್ಮು ತಿರುಗಿ ಬರುತ್ತಿತ್ತು. ಇದು ಪಂಪಾಪತಿಯ ಅಳತೆ. ಅವನ ಹೆಂಡತಿ ವೀರಭದ್ರಮ್ಮನ ಅಳತೆಯಲ್ಲಿ ಅದು ಹನ್ನೆರಡು ಅಡಿ. ಸತ್ಯ ಇವೆರಡರ ನಡುವೆ ಎಲ್ಲೋ ಇರಬೇಕಾದದ್ದು ನ್ಯಾಯ. ಆದರೆ ಕಥೆ ಹೇಳುವವರಿಗೆ ಹನ್ನೆರಡು ಅಡಿಯಿಂದ ಯಾವ ಉಪಯೋಗವೂ ಇಲ್ಲವಾದ್ದರಿಂದ ನಾವು ಪಂಪಾಪತಿಯ ಕಡೆಗೇ ನಿಲ್ಲೋಣ.

ಹಗೇವು ನೋಡದವರಿಗಾಗಿ ಒಂದು ಮಾತು. ಗೋದಾಮು, ಇಲಿಪಾಷಾಣ ಇವೆಲ್ಲ ಇಲ್ಲದ ಕಾಲದಲ್ಲಿ ಈ ಸೀಮೆಯವರು ಮನೆ ಮುಂದೆ ನೆಲ ಅಗೆದು, ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಮಾಡಿ, ಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಕಲ್ಲು ಹೇರಿ ಮಣ್ಣು ಮೆತ್ತಿಬಿಡುತ್ತಿದ್ದರು. ಒಳಗಿನ ಜೋಳ ಉಸಿರಾಡಿ ಉಸಿರಾಡಿ ಗಾಳಿಯನ್ನೆಲ್ಲ ಕೆಡಿಸುತ್ತಿತ್ತು. ಹುಳ ಹುಪ್ಪಡಿ ಸಾಯುತ್ತಿದ್ದವು, ಜೋಳ ಮಾತ್ರ ವರ್ಷಗಟ್ಟಲೆ ಮದುಮಗಳಂತೆ ಕೂತಿರುತ್ತಿತ್ತು. ತೆರೆದಾಗ ಯಾರೂ ಒಮ್ಮೆಲೇ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಮನುಷ್ಯನೂ ಆರುತ್ತಾನೆ. ವೀರಭದ್ರಮ್ಮನ ಮುಂದೆ ಈ ‘ಆರುವ’ ಮಾತು ಆಡುವಂತಿಲ್ಲ. ದೀಪಕ್ಕೆ ಅಂಥ ಮಾತು ಅಂದರೆ ಮನೆಗೆ ಒಳ್ಳೆಯದಲ್ಲ. ‘ಶಾಂತ ಆತು’ ಅನ್ನಬೇಕು.

ಪಂಪಾಪತಿಯ ಅಪ್ಪ ತೋಡಿದ ಹಗೇವು ಅದು. ಆ ಕಾಲದಲ್ಲಿ ಅರ್ಧ ಓಣಿಯ ಜೋಳ ಅದರ ಹೊಟ್ಟೆಯಲ್ಲಿರುತ್ತಿತ್ತು. ಹಾಗಾಗಿ ಮನೆತನಕ್ಕೆ ಹಗೇವಿನವರು ಎಂಬ ಹೆಸರು ಬಂತು. ಈಗ ಎತ್ತಿಲ್ಲ, ಬಂಡಿಯಿಲ್ಲ, ಪಂಪಾಪತಿ ಮಾನ್ವಿಯ ರೈಸ್ ಮಿಲ್ಲಿನಲ್ಲಿ ತೂಕದ ಕಾಟಾದ ಮುಂದೆ ಕೂರುತ್ತಾನೆ. ಹಗೇವಿಗೆ ಜೋಳ ತುಂಬಿ ಹದಿನೆಂಟು ವರ್ಷವಾಯಿತು. ಚಪ್ಪಡಿಯ ಮೇಲೆ ವೀರಭದ್ರಮ್ಮ ಮೆಣಸಿನಕಾಯಿ ಒಣಗಿಸುತ್ತಾಳೆ. ಆದರೂ ಹಗೇವಿನ ಪಂಪಾಪತಿ ಎಂದರೆ ಮಾನ್ವಿಯಿಂದ ದೇವದುರ್ಗದವರೆಗೆ ಜನ ಗುರುತು ಹಿಡಿಯುತ್ತಾರೆ. ಬರೀ ಪಂಪಾಪತಿ ಎಂದರೆ ಯಾವ ಪಂಪಾಪತಿ ಎಂದು ಕೇಳುತ್ತಾರೆ.

ಇಂಥ ಹಗೇವಿಗೆ ಮಾಘ ಮಾಸದಲ್ಲಿ ಗಂಡಾಂತರ ಬಂತು. ಓಣಿಗೆ ಸಿಮೆಂಟ್ ರಸ್ತೆ ಮಂಜೂರಾಗಿತ್ತು. ಗುತ್ತಿಗೆದಾರ ಯಾರೆಂದರೆ ವೀರಭದ್ರಮ್ಮನ ಸ್ವಂತ ತಮ್ಮ, ದೇವದುರ್ಗದ ಚನ್ನವೀರ. ರಸ್ತೆ ನೆಟ್ಟಗೆ ಬರಬೇಕೆಂದರೆ ಹಗೇವು ಮುಚ್ಚಬೇಕು. ಮುಂದಿನ ವಾರ ಶುಕ್ರವಾರ ಜಲ್ಲಿ ಕಂಕರಿನ ಲಾರಿ, ಹಿಂದೆಯೇ ರೋಲರು. ಮುಚ್ಚಿದ ಜಾಗ ಚನ್ನವೀರನ ಹೊಸ ಬಿಳಿ ಕಾರು ಅಕ್ಕನ ಮನೆಗೆ ಬಂದಾಗ ನಿಲ್ಲುವುದಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು ಎಂಬುದು ಬರೀ ಕಾಕತಾಳೀಯ.

“ಮಾವಾ, ಅದು ಬಾವಿ ಅಲ್ಲ, ಗುಡಿ ಅಲ್ಲ, ಖಾಲಿ ತಗ್ಗು,” ಎಂದ ಚನ್ನವೀರ, ಅಕ್ಕ ಬಡಿಸಿದ ಮೂರನೇ ರೊಟ್ಟಿ ಮುರಿಯುತ್ತ. “ತಗ್ಗಿಗಿ ಯಾರರ ಅಳ್ತಾರೇನು?”

ಪಂಪಾಪತಿ ಅವನ ತಾಟಿಗೆ ನಾಲ್ಕನೇ ರೊಟ್ಟಿ ಹಾಕಿದ. ಪಂಪಾಪತಿಗೆ ಯಾವ ಉತ್ತರವೂ ಎರಡು ದಿನದೊಳಗೆ ಹೊಳೆದದ್ದಿಲ್ಲ. ಈ ಉತ್ತರವೂ ಎರಡು ದಿನ ಬಿಟ್ಟು ಶನಿವಾರ, ರಾಯಚೂರಿನಲ್ಲಿ, ಹೊಳೆಯಬಾರದ ಜಾಗದಲ್ಲಿ ಹೊಳೆಯಿತು.

ಆದದ್ದು ಇಷ್ಟು. ಹೊಗೆ ಕಡಿಮೆ ಮಾಡುವ ಬಗ್ಗೆ ರೈಸ್ ಮಿಲ್ಲಿನ ಮಾಲೀಕರಿಗಾಗಿ ರಾಯಚೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಸಭೆ ಕರೆದಿದ್ದರು. ಮಿಲ್ಲಿನ ಮಾಲೀಕ ವಿರೂಪಣ್ಣನಿಗೆ ಅದೇ ದಿನ ಬೀಗರ ಮನೆಯ ಮದುವೆ. ಅವನು ಪಂಪಾಪತಿಯನ್ನು ಕರೆದು, ಹೋಗು, ಕೂಡು, ಉಣ್ಣು, ಬಾಯಿ ತೆರೆಯದೆ ತಿರುಗಿ ಬಾ ಎಂದು ಕಳಿಸಿದ. ಪಂಪಾಪತಿ ಮೊದಲ ಮೂರನ್ನು ಚಾಚೂ ತಪ್ಪದೆ ಮಾಡಿದ.

ಅಂದು ರಾಯಚೂರಿನ ಬಿಸಿಲು ಹೇಗಿತ್ತೆಂದರೆ ಬಸ್‌ಸ್ಟ್ಯಾಂಡಿನ ನಾಯಿ ತನ್ನ ನೆರಳನ್ನೇ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ನೆರಳಿಗೆ ಓಡುತ್ತಿತ್ತು. ಅಂಥದರಿಂದ ಒಳಗೆ ಹೋದರೆ ಎಸಿ. ಪಂಪಾಪತಿಯನ್ನು ಒಂದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಹಲಗೆ: ‘ಶ್ರೀ ವಿರೂಪಣ್ಣ, ಮಾಲೀಕರು’. ಆ ಹಲಗೆಯ ಹಿಂದೆ ಅರ್ಧ ತಾಸು ಕೂತ ಮೇಲೆ ಯಾವ ಮನುಷ್ಯನ ಬೆನ್ನೂ ನೆಟ್ಟಗಾಗುತ್ತದೆ. ಪಂಪಾಪತಿಯ ಬೆನ್ನು ನೆಟ್ಟಗಾಗಿ, ಎದೆ ಮುಂದೆ ಬಂದು, ಮೇಲಿನ ಎರಡು ಗುಂಡಿ ಬಿಗಿಯಾದವು.

ಮಾತಾಡಿದವಳು ಮೌನೇಶ್ವರಿ. ಮಟಮಾರಿಯ ಕೂಲಿ ಮನೆತನದ ಹುಡುಗಿ, ಕಲ್ಲು ಮಣ್ಣಿನ ಶಾಸ್ತ್ರ ಓದಿ ಈಗ ಸರ್ವೆ ತಂಡದಲ್ಲಿ ಅಧಿಕಾರಿ. ಅವಳು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ್ದು ಹೀಗೆ: ಚಿಮಣಿಯ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಂಬ ಗ್ಯಾಸ್ ಇದೆ, ಭೂಮಿ ಹೀಗೆ ಕಾಯುತ್ತಿರುವುದು ಅದರಿಂದಲೇ. ಅದನ್ನು ಚಿಮಣಿಯ ಬಾಯಲ್ಲೇ ಹಿಡಿದು, ಸ್ವಲ್ಪವನ್ನು ಸೋಡಾಕ್ಕೋ ಇಟ್ಟಿಗೆಗೋ ಬಳಸಿ, ಉಳಿದದ್ದನ್ನು ನೆಲದ ಕೆಳಗೆ ಮೈಲಿ ಆಳದ ಕಲ್ಲಿನ ಸಂದುಗಳಿಗೆ ತಳ್ಳಿ ಕೂಡಿಡಬಹುದು. ಮೇಲೆ ಗಟ್ಟಿ ಕಲ್ಲಿನ ಪದರ ಮುಚ್ಚಳದಂತೆ ಇರಬೇಕು, ಅಷ್ಟೆ. ಇಂಥ ಕೆಲಸಕ್ಕೆ ತಯಾರಿರುವ ಊರುಗಳ ಪಟ್ಟಿ ಮಾಡಲು ನಾವು ಬಂದಿದ್ದೇವೆ. ಕೊನೆಗೆ, ನಿಮ್ಮ ಕಡೆ ನೆಲದೊಳಗೆ ಏನಾದರೂ ಕೂಡಿಡುವ ಪದ್ಧತಿ ಇದೆಯೇ ಎಂದು ಕೇಳಿದಳು.

ಮಾಲೀಕರೆಲ್ಲ ಕಾಜು ಬಿಸ್ಕೀಟಿನ ತಾಟು ನೋಡುತ್ತಿದ್ದರು. ಪಂಪಾಪತಿ ಎದ್ದು ನಿಂತ.

“ಅದ್ರೀ ಮೇಡಂ. ನಮ್ಮ ಮನಿ ಮುಂದ ಅದ. ತಳಗ ಹೊಟ್ಟಿ, ಮ್ಯಾಲ ಮುಚ್ಚಳ, ಒಳಗ ನೀವು ಹೇಳಿದ್ದೇ ಗ್ಯಾಸು. ನಮ್ಮಪ್ಪ ಹಿಡಿದು ಹಾಕ್ಯಾನ. ಕಂದೀಲು ಬಿಟ್ರ ಶಾಂತ ಆಗ್ತದ.”

ಸಭೆ ತಿರುಗಿ ನೋಡಿತು. ಮೌನೇಶ್ವರಿ ಪೆನ್ನು ತೆಗೆದಳು. “ಎಷ್ಟು ವರ್ಷದಿಂದ ಅದ ರೀ?”

“ನಲವತ್ತು.”

“ಒಳಗ ಜೋಳ ಅದ ಏನ್ರಿ?”

“ಜೋಳ ಯಾಕ್ರೀ? ಪೂರಾ ಗ್ಯಾಸೇ ಅದಲ್ಲ.”

ಪೆನ್ನು ಒಂದು ಗಳಿಗೆ ನಿಂತಿತು. ಅವಳ ಮುಖದಲ್ಲಿ ಸಣ್ಣ ನಗೆಯೊಂದು ಬಂದು ಹೋಯಿತು. ಆ ನಗೆಯ ಅರ್ಥ ಪಂಪಾಪತಿಗೆ ಆಗಲಿಲ್ಲ. ಅವನು ಅದನ್ನು ಮೆಚ್ಚುಗೆ ಎಂದುಕೊಂಡ. ಮೆಚ್ಚಿದವರ ಮುಂದೆ ಕಷ್ಟ ಹೇಳಿಕೊಳ್ಳುವುದು ಮನುಷ್ಯನ ಸ್ವಭಾವ. ಇಂಥ ಹಗೇವನ್ನು ಬರುವ ಶುಕ್ರವಾರ ಕಂಕರು ಹಾಕಿ ಮುಚ್ಚುತ್ತಿದ್ದಾರೆ ಎಂದೂ ಹೇಳಿ ಕೂತ. ಮೌನೇಶ್ವರಿ ಅದನ್ನೂ ಬರೆದುಕೊಂಡಳು. ಶುಕ್ರವಾರ ನಾನೇ ಬಂದು ನೋಡುತ್ತೇನೆ ಎಂದಳು.

ಸೋಮವಾರವೇ ಪಂಚಾಯಿತಿಗೆ ವಾಟ್ಸಾಪಿನಲ್ಲಿ ಪತ್ರ ಬಂತು: ಪರಿಶೀಲನೆ ಆಗುವವರೆಗೆ ಸದರಿ ಹಗೇವನ್ನು ಮುಚ್ಚಬಾರದಾಗಿ ವಿನಂತಿ. ಪಂಚಾಯಿತಿಯ ಪಿಡಿಒ ಅಮರೇಶ ಒಳ್ಳೆಯ ಮನುಷ್ಯ, ಆದರೆ ಕಾಗದ ಕಂಡರೆ ಅವನಿಗೆ ಜ್ವರ ಬರುತ್ತದೆ. ಮುಚ್ಚಬಾರದು ಅಂದರೆ ಒಳಗೆ ಏನೋ ಇದೆ, ಏನೋ ಇದೆ ಅಂದರೆ ಹೊರಗೆ ಬರಬಹುದು, ಹೊರಗೆ ಬಂದರೆ ಜವಾಬ್ದಾರಿ ಯಾರದು ಎಂದು ಅವನು ಮೂರು ಲೋಟ ನೀರು ಕುಡಿದು, ಹಗೇವಿನ ಸುತ್ತ ನಾಲ್ಕು ಗೂಟ ನೆಟ್ಟು, ಹಗ್ಗ ಬಿಗಿದು, ಕೆಂಪು ಬಟ್ಟೆ ಕಟ್ಟಿಸಿದ. ಬಟ್ಟೆ ಸಾಲದೆ ಅಂಗನವಾಡಿಯ ಕೆಂಪು ಪರದೆಯನ್ನೂ ತರಿಸಿದ. ಮಧ್ಯಾಹ್ನದ ಹೊತ್ತಿಗೆ ಹಗೇವು ಮದುವೆ ಮಂಟಪದಂತೆ ಕಾಣುತ್ತಿತ್ತು.

ಗ್ಯಾಸು ಎಂದ ಮೇಲೆ ಓಣಿಗೆ ಗೊತ್ತಿದ್ದದ್ದು ಒಂದೇ ಗ್ಯಾಸು, ಒಲೆಯದು. ಎದುರು ಮನೆಯ ಬಸ್ಸಮ್ಮ ಮೊದಲು ಬಂದಳು, ಕೈಯಲ್ಲಿ ಹತ್ತು ಮೊಳ ರಬ್ಬರ್ ಪೈಪು.

“ಯಕ್ಕಾ, ನಾವು ಎದುರಿಗೇ ಅದೀವಿ. ಪೈಪು ನಮ್ಮದೇ ಇರ್ಲಿ. ನಿಮ್ಮ ಹಗೇವಿನಾಗಿಂದ ನಮ್ಮ ಒಲಿಗಿ ಒಂದು ಕನೆಕ್ಷನ್ ಬಿಡ್ರಿ ಸಾಕು.”

ಶನಿವಾರದವರೆಗೆ ತಮ್ಮನ ಕಡೆಗಿದ್ದ ವೀರಭದ್ರಮ್ಮ, ಹಗೇವನ್ನು ‘ಹಾಳು ತಗ್ಗು’ ಎಂದೇ ಕರೆಯುತ್ತಿದ್ದವಳು, ಆ ಕ್ಷಣದಲ್ಲಿ ಪಕ್ಷ ಬದಲಿಸಿದಳು. ಬಸ್ಸಮ್ಮನನ್ನು ಮೇಲಿಂದ ಕೆಳಗೆ ನೋಡಿ, ಹೋದ ವರ್ಷ ಹೆಪ್ಪಿಗೆ ನಾಲ್ಕು ಹನಿ ಮೊಸರು ಕೇಳಿದಾಗ ಏನಂದಿದ್ದಿ ನೆನಪು ಮಾಡಿಕೋ ಎಂದಳು. ಬಸ್ಸಮ್ಮ ನೆನಪು ಮಾಡಿಕೊಂಡು ಹೋಗಿ ಒಂದು ಗಡಿಗೆ ಮೊಸರು ತಂದಳು. ಸಂಜೆಯೊಳಗೆ ಹನ್ನೊಂದು ಮನೆಯವರು ಬಂದರು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ವೀರಭದ್ರಮ್ಮ ಹದಿನೈದು ವರ್ಷದ ಜಗಳಗಳನ್ನು ಒಂದೊಂದಾಗಿ ತೂಗಿ ನಿರ್ಧರಿಸಿದಳು. ಮಿಲ್ಲಿನ ಕಾಟಾ ಕೂಡ ಅಷ್ಟು ನಿಖರವಾಗಿ ತೂಗಿದ್ದಿಲ್ಲ.

ಸುದ್ದಿ ಕಾಲಿಲ್ಲದೆ ಓಡಿತು. ಮಾನ್ವಿಯಲ್ಲಿ ಮಾಲೀಕ ವಿರೂಪಣ್ಣ ಪತ್ರದಲ್ಲಿ, ಸಭೆಯ ಹಲಗೆ ನೋಡಿ ಬರೆದ ತನ್ನ ಹೆಸರು ಕಂಡು, ನನಗ ಯಾವಾಗ ಹಗೇವು ಬಂತಲೇ ಎಂದು ಫೋನಿನಲ್ಲಿ ಕೇಳಿದ. ದೇವದುರ್ಗ ಮುಟ್ಟುವಷ್ಟರಲ್ಲಿ ಗ್ಯಾಸು ಪೆಟ್ರೋಲಾಗಿತ್ತು. ಅಲ್ಲಿಯ ಹೋಟೆಲಿನಲ್ಲಿ ಯಾರೋ ಚನ್ನವೀರನ ಕೈ ಕುಲುಕಿ, ನಿಮ್ಮ ಮಾವ ದುಬೈ ಆಗಿಬಿಟ್ಟರಲ್ಲ ಎಂದರು. ಚನ್ನವೀರ ಚಹಾ ಬಿಟ್ಟು ಎದ್ದ. ಅಕ್ಕನಿಗೆ ಫೋನು ಮಾಡಿ, ಶುಕ್ರವಾರ ಲಾರಿಯೂ ಬರುತ್ತದೆ, ನಾನೂ ಬರುತ್ತೇನೆ, ಆ ಅಧಿಕಾರಿಯ ಮುಂದೇ ಕಂದೀಲು ಬಿಡೋಣ, ಉರಿದರೆ ಅವರ ಮುಂದೇ ಕಂಕರು ಸುರಿಯುತ್ತೇನೆ ಎಂದು ತಿಳಿಸಿದ.

ಇದನ್ನು ಕೇಳಿ ಪಂಪಾಪತಿ ನಕ್ಕ. ನಲವತ್ತು ಎಂದು ಹೇಳಿ ಹೇಳಿ ಅವನಿಗೆ ಅದು ನಲವತ್ತೇ ಆಗಿತ್ತು. ಗ್ಯಾಸು ಹಳೆಯದಾದಷ್ಟೂ ಉಪ್ಪಿನಕಾಯಿಯಂತೆ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೂ ಬಂದಿತ್ತು. ಆದರೂ ಒಮ್ಮೆ ನೋಡಿರೋಣವೆಂದು ಮಂಗಳವಾರ ಬೆಳಿಗ್ಗೆ, ಕೆಂಪು ಪರದೆಯ ಮರೆಯಲ್ಲಿ, ಪೀರಾ ಸಾಬ್‌ರನ್ನು ಕರೆತಂದ. ಪೀರಾ ಸಾಬ್ ಈ ಸೀಮೆಯಲ್ಲಿ ಹಗೇವು ತೆರೆಯುವುದು ಮುಚ್ಚುವುದು ಬಲ್ಲ ಕೊನೆಯ ಮನುಷ್ಯ. ವಯಸ್ಸು ಆಧಾರ್ ಕಾರ್ಡಿನಲ್ಲಿ ಎಂಬತ್ತೆರಡು, ಅವರ ಬಾಯಲ್ಲಿ ನೂರಾ ಹತ್ತು. ಇಬ್ಬರೂ ಚಪ್ಪಡಿ ಸರಿಸಿದರು. ಪೀರಾ ಸಾಬ್ ಕಂದೀಲು ಇಳಿಬಿಟ್ಟರು.

ಕಂದೀಲು ಉರಿಯಿತು. ಬರೀ ಉರಿಯಲಿಲ್ಲ, ಮೇಲಿಗಿಂತ ಚೆನ್ನಾಗಿ ಉರಿಯಿತು. ಹಗೇವಿನ ತಳದಲ್ಲಿ, ಚಪ್ಪಡಿಯ ಸಂದಿಯಿಂದ ಜಾರಿ ಬಿದ್ದ ಎರಡು ಕ್ರಿಕೆಟ್ ಚೆಂಡು, ಒಂದು ಚಪ್ಪಲಿ, ಬಸ್ಸಮ್ಮ ಕದ್ದಳೆಂದು ವೀರಭದ್ರಮ್ಮ ಆರು ವರ್ಷದಿಂದ ದೂರುತ್ತಿದ್ದ ಹಿತ್ತಾಳೆಯ ಸೌಟು, ಎಲ್ಲವೂ ಥಳಥಳ ಹೊಳೆದವು.

“ಅರೇ ಪಂಪಣ್ಣ,” ಎಂದರು ಪೀರಾ ಸಾಬ್, “ಜೋಳ ಇದ್ರ ಜೋಳ ಉಸಿರಾಡ್ತದ. ಖಾಲಿ ಹಗೇವು ಏನು ಉಸಿರಾಡಬೇಕು? ನಲವತ್ತು ಚೀಲ ಹಾಕು, ನಾಕು ತಿಂಗಳು ಬಿಡು, ಆಮ್ಯಾಲ ನೋಡು.”

ನಾಲ್ಕು ತಿಂಗಳಿರಲಿಲ್ಲ, ಮೂರು ದಿನವಿತ್ತು. ಪಂಪಾಪತಿ ಹಗೇವಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸೌಟನ್ನೇ ನೋಡಿದ. ಇಂಥ ಹೊತ್ತಿನಲ್ಲಿ ದೊಡ್ಡವರಿಗೆ ದೇವರು ನೆನಪಾಗುತ್ತಾನೆ. ಪಂಪಾಪತಿಗೆ ಅಲ್ತಾಫ್ ನೆನಪಾದ.

ಅಲ್ತಾಫನದು ಬಸ್ ನಿಲ್ದಾಣದ ಹತ್ತಿರ ಸೋಡಾ ಅಂಗಡಿ. ಸೋಡಾದೊಳಗೆ ಬುಸುಗುಡುವುದು ಅದೇ ಗ್ಯಾಸು ಎಂದು ಮೇಡಂ ಹೇಳಿದ್ದಳಲ್ಲ. ಪಂಪಾಪತಿ ಕೈ ಮುಗಿದು ವಿಷಯ ತಿಳಿಸಿದಾಗ ಅಲ್ತಾಫ್ ಸಿಲಿಂಡರುಗಳ ಮೇಲೆ ಕೈಯಾಡಿಸಿದ. ಎರಡು ತುಂಬಿದ ಸಿಲಿಂಡರು, ಬೇಸಿಗೆಯ ಮೊದಲ ವಾರದ ಗಿರಾಕಿ ಎಲ್ಲಾ ಅದರಲ್ಲಿದ್ದಾರೆ ಎಂದ. ಆಮೇಲೆ, ನನ್ನ ಲಗ್ನಕ್ಕೆ ನಿಮ್ಮಪ್ಪ ಅದೇ ಹಗೇವಿನಿಂದ ಜೋಳ ಅಳೆದು ಕೊಟ್ಟಿದ್ದ, ನಡಿ ಎಂದು ಎದ್ದ.

ಎರಡು ಸಿಲಿಂಡರುಗಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿ, ಮೇಲೆ ಕೌದಿ ಹೊದಿಸಿ ತಂದರು. ದಾರಿಯಲ್ಲಿ ನೋಡಿದವರು ಯಾರಿಗೋ ಜೋರು ಬೇನೆಯೆಂದು ಮರುಗಿದರು. ಕೆಂಪು ಪರದೆಯ ಹಿಂದೆ ಪೈಪು ಇಳಿಬಿಟ್ಟು ಅಲ್ತಾಫ್ ತಿರುಪು ತಿರುಗಿಸಿದ. ಅದೇನು ಸದ್ದು! ಬಾಗಲವಾಡದ ಇತಿಹಾಸದಲ್ಲಿ ಅಂಥ ‘ಸುಯ್’ ಹುಟ್ಟಿಲ್ಲ. ಮರಗಳ ಮೇಲಿನ ಕಾಗೆಗಳು ಎದ್ದು ಗುಂಜಹಳ್ಳಿಯವರೆಗೆ ಹೋಗಿ ಕೂತವು. ಸಿಲಿಂಡರಿನ ಮೂತಿಗೆ ಮಂಜು ಕಟ್ಟಿತು. ಅದನ್ನು ಗಟ್ಟಿಯಾಗಿ ಹಿಡಿದಿದ್ದ ಪಂಪಾಪತಿಯ ಅಂಗೈಗೆ ಆ ಉರಿ ಬಿಸಿಲಿನಲ್ಲಿ ಥಂಡಿಯಿಂದ ಬೊಬ್ಬೆ ಬಂತು. ರಾಯಚೂರು ಸೀಮೆಯಲ್ಲಿ ಥಂಡಿಗೆ ಬೊಬ್ಬೆ ಬಂದ ಮೊದಲ ಮನುಷ್ಯ ಅವನೇ. ಹಗೇವಿನ ಬಾಯಿಂದ ಬಿಳಿ ಹಬೆ ಮೇಲೆದ್ದು ಪರದೆಯ ಮೇಲೆ ಹಾಯಿತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಹಗೇವು ಉಸಿರು ಬಿಟ್ಟಿತು ಎಂದು ಮೆಲ್ಲಗೆ ಮಾತಾಡಿಕೊಂಡರು. ಬಸ್ಸಮ್ಮ ಇನ್ನೂ ಐದು ಮೊಳ ಪೈಪು ಕೊಂಡಳು.

ಪೀರಾ ಸಾಬ್ ಮಾತ್ರ ಏನೂ ಕೇಳದೆ, ಕೆರೆಯ ಮಣ್ಣು, ಸಗಣಿ, ಸಣ್ಣ ಹುಲ್ಲು ತುಳಿದು ಕಲಸಿ, ಚಪ್ಪಡಿ ಎಳೆದು, ಸುತ್ತ ಮೆತ್ತಿ, ಅಂಗೈಯಿಂದ ಸವರಿದರು. ಹದಿನೆಂಟು ವರ್ಷದ ಮೇಲೆ ಅವರ ಕೈಗೆ ಅವರದೇ ಕೆಲಸ ಸಿಕ್ಕಿತ್ತು.

ಶುಕ್ರವಾರ ಬಂತು. ಓಣಿಯಲ್ಲಿ ಎಷ್ಟು ಜನ ಸೇರಿದ್ದರೆಂದರೆ ನಿಂತವರ ನೆರಳಿಗೆ ನೆಲದಲ್ಲಿ ಜಾಗ ಸಾಲದೆ ಕೆಲವು ನೆರಳು ಗೋಡೆ ಹತ್ತಿದ್ದವು. ಒಂದು ಕಡೆ ಕಂಕರಿನ ಲಾರಿ, ರೋಲರು, ಚನ್ನವೀರನ ಬಿಳಿ ಕಾರು. ಇನ್ನೊಂದು ಕಡೆ ಮೌನೇಶ್ವರಿಯ ಜೀಪು. ನಡುವೆ ಅಮರೇಶ, ನೀರಿನ ಬಾಟಲಿಯೊಂದಿಗೆ.

ಮೌನೇಶ್ವರಿ ಮೊದಲು ಚಪ್ಪಡಿಯ ಸುತ್ತ ಬಗ್ಗಿ ಮಣ್ಣು ಮುಟ್ಟಿ ನೋಡಿದಳು, ಮೂಸಿ ನೋಡಿದಳು. ಆಮೇಲೆ ತೆರೆಯಿರಿ ಎಂದಳು. ಪೀರಾ ಸಾಬ್ ಯಾರನ್ನೂ ಹತ್ತಿರ ಬಿಡದೆ, ಕಂದೀಲು ಹಚ್ಚಿ, ಹಗ್ಗ ಬಿಟ್ಟರು. ಒಂದು ಮೊಳ, ಎರಡು ಮೊಳ. ಮೂರನೇ ಮೊಳಕ್ಕೆ ಬೆಳಕು ಒಮ್ಮೆ ಹಳದಿಯಾಗಿ, ಸಣ್ಣಗಾಗಿ, ಇಲ್ಲವಾಯಿತು.

“ಶಾಂತ ಆತು,” ಎಂದರು ಪೀರಾ ಸಾಬ್.

ಬತ್ತಿ ಹಸಿ ಇದೆ ಎಂದ ಚನ್ನವೀರ. ತನ್ನ ಕಾರಿನಿಂದಲೇ ಹೊಸ ಬತ್ತಿ ಕೊಟ್ಟ. ಅದೂ ಮೂರನೇ ಮೊಳಕ್ಕೆ ಶಾಂತವಾಯಿತು. ಮೌನೇಶ್ವರಿ ವೈರಿನ ತುದಿಗೆ ಕಟ್ಟಿದ ಅಳತೆಯ ಡಬ್ಬಿ ಇಳಿಬಿಟ್ಟಳು. ಅದು ಸೀಟಿ ಹೊಡೆಯತೊಡಗಿ ನಿಲ್ಲಲೇ ಇಲ್ಲ. ರೋಲರಿನ ಡ್ರೈವರು ಸದ್ದಿಲ್ಲದೆ ಇಂಜಿನು ಬಂದ್ ಮಾಡಿ, ಕೆಳಗಿಳಿದು, ಬೇವಿನ ಗಿಡದ ಆಚೆ ಹೋಗಿ ನಿಂತ. ಪಂಪಾಪತಿ ಬೊಬ್ಬೆಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮೀಸೆ ತಿರುವಲು ಎಡಗೈ ಎತ್ತಿದ.

ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಕೆಡಿಸಿದ್ದು ಅಮರೇಶನ ಮರ್ಯಾದೆ. ಬಿಸಿಲಿನಲ್ಲಿ ನಿಂತ ಅಧಿಕಾರಿಗೆ ಏನೂ ಕೊಡಲಿಲ್ಲವಲ್ಲ ಎಂದು ಅವನಿಗೆ ಒಮ್ಮೆಲೇ ನೆನಪಾಯಿತು.

“ಅಲ್ತಾಫ್, ಮೇಡಮ್ಮಾರಿಗಿ ಜಲ್ದಿ ಒಂದು ಸೋಡಾ ತಗೊಂಡು ಬಾ.”

“ಸೋಡಾ ಎಲ್ಲೀದ್ರಿ ಸಾಹೇಬ್ರ,” ಎಂದ ಅಲ್ತಾಫ್, ಮೂರು ದಿನದ ಸಂಕಟವೆಲ್ಲ ನಾಲಿಗೆಗೆ ಬಂದು. “ಇದ್ದ ಗ್ಯಾಸೆಲ್ಲ ಹಗೇವಿಗಿ ಹಾಕೀವಲ್ಲ.”

ಓಣಿಯಲ್ಲಿ ಬಿದ್ದ ಮೌನದಲ್ಲಿ ಬಸ್ಸಮ್ಮನ ಮೊಸರು ಹೆಪ್ಪುಗಟ್ಟುವ ಸದ್ದು ಕೇಳಿಸಿತು. ಅಲ್ತಾಫ್ ಬಾಯಿಗೆ ಕೈ ಒತ್ತಿಕೊಂಡ. ಚನ್ನವೀರನ ಮುಖ ಹಿತ್ತಾಳೆಯ ತಾಂಬಾಣದಷ್ಟು ಅಗಲವಾಯಿತು. ಎಲ್ಲರೂ ಪಂಪಾಪತಿಯನ್ನು ನೋಡಿದರು. ಪಂಪಾಪತಿ ಮೀಸೆಗೆ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಬಿಟ್ಟಿದ್ದ. ಕೊನೆಗೆ ಇಳಿಸಿ, ಬೊಬ್ಬೆ ಬಂದ ಬಲಗೈಯನ್ನು ಮುಂದೆ ಚಾಚಿ ತೋರಿಸಿದ.

“ಸುಳ್ಳು ಹೇಳೀನ್ರೀ ಮೇಡಂ. ಗ್ಯಾಸು ಅಲ್ತಾಫಂದು. ಮಂಗಳವಾರ ಹಾಕೀವಿ. ಹಗೇವು ಖಾಲಿ ಅದ, ಹದಿನೆಂಟು ವರ್ಷ ಆತು. ಹೊಲ ಪಾಲಿಗಿ ಕೊಟ್ಟೆ, ಎತ್ತು ಕೊಟ್ಟೆ, ಅವಕ್ಕ ಏನೂ ಅನ್ನಲಿಲ್ಲ. ಇದೊಂದು ಹೋದ್ರ ನಾ ಯಾವ ಪಂಪಾಪತಿ ಅಂತ ಜನರಿಗಿ ಹ್ಯಾಂಗ ಹೇಳ್ಲಿ?”

ಪಂಪಾಪತಿಯ ಆಯುಷ್ಯದಲ್ಲೇ ಇದು ಅತ್ಯಂತ ಸತ್ಯವಾದ ಮಾತು. ದುರ್ದೈವವೆಂದರೆ ಅದನ್ನು ಯಾರೂ ನಂಬಲಿಲ್ಲ.

ಮೊದಲು ನಂಬದವಳು ಬಸ್ಸಮ್ಮ. ಕನೆಕ್ಷನ್ ಕೊಡುವುದನ್ನು ತಪ್ಪಿಸಲು ಈ ಮನುಷ್ಯ ಆಟ ಹೂಡಿದ್ದಾನೆ ಎಂದು ಅವಳು ಹೇಳಿದ್ದೇ ತಡ, ಹನ್ನೊಂದು ಮನೆಯವರೂ ಹೌದು ಹೌದು ಎಂದರು. ಹಗೇವು ಉಸಿರು ಬಿಟ್ಟದ್ದನ್ನು ತಾವು ಕಣ್ಣಾರೆ ಕಂಡಿಲ್ಲವೇ? ದೀಪ ಎರಡು ಸಲ ಶಾಂತವಾಗಿಲ್ಲವೇ? ಇಷ್ಟು ದೊಡ್ಡ ಹಗೇವಿಗೆ ಸೋಡಾದ ಗ್ಯಾಸು ಯಾವ ಮೂಲೆಗೆ? ರೋಲರಿನ ಡ್ರೈವರು ಬೇವಿನ ಗಿಡದ ಆಚೆಯಿಂದಲೇ, ಮೇಲೆ ನನ್ನನ್ನು ಹತ್ತಿಸಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದ. ಚನ್ನವೀರ, ಅಮರೇಶನೇ ಗ್ಯಾಸು ಇಲ್ಲವೆಂದು ಬರೆದು ಕೊಡಲಿ, ಈಗಲೇ ಮುಚ್ಚುತ್ತೇನೆ ಎಂದು ಕೂಗಾಡಿದ. ಅಮರೇಶನಿಗೆ ಜ್ವರ ಬಂದೇ ಬಿಟ್ಟಿತು. ಇಲ್ಲ ಎಂದು ಬರೆದರೆ ನಾಳೆ ಮತ್ತೆ ಕಂದೀಲು ಬಿಟ್ಟವರು ಕೇಳುತ್ತಾರೆ, ಇದೆ ಎಂದು ಬರೆದರೆ ನಾಡಿದ್ದು ಕೇಳುತ್ತಾರೆ. ಅವನು ನೀರು ಕುಡಿದು, ರಸ್ತೆ ಮೂರು ಅಡಿ ಸರಿದರೆ ಯಾರಿಗೆ ಏನು ಬೇನೆ ಎಂದು ಆಕಾಶಕ್ಕೆ ಹೇಳಿದ.

ಮೌನೇಶ್ವರಿ ಇಷ್ಟು ಹೊತ್ತೂ ಡಬ್ಬಿಯನ್ನೇ ನೋಡುತ್ತಿದ್ದಳು. ಈಗ ಪಂಪಾಪತಿಯ ಹತ್ತಿರ ಬಂದಳು.

“ಕಾಕಾರ, ಖಾಲಿ ಅದ ಅಂತ ನನಗ ರಾಯಚೂರಿನಾಗೇ ಗೊತ್ತಿತ್ರಿ. ನಮ್ಮ ತಾತ ತಾಯಣ್ಣ ಮಟಮಾರಿಯಾಗ ಊರ ಮಂದಿ ಹಗೇವು ತುಂಬತಿದ್ದ. ಜೋಳ ಇಲ್ಲದ ಹಗೇವಿನಾಗ ಗ್ಯಾಸು ಇರಂಗಿಲ್ಲ ಅಂತ ನನಗ ಶಾಲಿಗಿ ಹೋಗೂ ಮೊದಲೇ ಗೊತ್ತು.”

“ಮತ್ತ ಯಾಕ ಬಂದ್ರಿ ಯವ್ವಾ?”

“ಮಟಮಾರಿಯಾಗ ಎಲ್ಲಾ ಮುಚ್ಚಿಬಿಟ್ಟಾರ. ಒಮ್ಮಿ ನೋಡಬೇಕನಿಸ್ತು.” ಅವಳು ಚಪ್ಪಡಿಯ ಅಂಚಿನ ಒಣ ಮಣ್ಣನ್ನು ಉಗುರಿನಿಂದ ಕೆರೆದಳು. “ಮಂಗಳವಾರ ಹಾಕಿದ್ದು ಶುಕ್ರವಾರದ ತನಕ ಹಾಂಗೇ ಅದ. ನಮ್ಮ ಮಂದಿ ಒಂದು ಮೈಲಿ ತಳಗ ಮಾಡಬೇಕಂತಿರೋದು ಇದೇ ಕೆಲಸ. ಈ ಮುಚ್ಚಳ ಯಾರು ಮೆತ್ತಿದ್ದು?”

ಪೀರಾ ಸಾಬ್ ಕೈ ಎತ್ತಲಿಲ್ಲ. ಕೈಗೆ ಅಂಟಿದ್ದ ಮಣ್ಣನ್ನು ಲುಂಗಿಗೆ ಒರೆಸಿಕೊಂಡು ಬೇರೆ ಕಡೆ ನೋಡಿದರು, ಅಷ್ಟೆ. ಅಂದಿನಿಂದ ಅವರ ವಯಸ್ಸು ನೂರಾ ಹತ್ತರಿಂದ ನೂರಾ ಇಪ್ಪತ್ತಕ್ಕೆ ಏರಿತು.

ಅವಳು ಎಲ್ಲರಿಗೂ ಕೇಳುವಂತೆ ಸತ್ಯ ಹೇಳಿದಳು. ಈ ಗ್ಯಾಸು ಉರಿಯುವುದಿಲ್ಲ, ಉರಿಯುವುದನ್ನು ನಿಲ್ಲಿಸುತ್ತದೆ, ಇದರಿಂದ ಒಲೆಗೆ ಕನೆಕ್ಷನ್ ಆಗದು. ಈ ಹಗೇವಿನಲ್ಲಿ ಹಿಡಿಯುವುದು ಅಷ್ಟರಲ್ಲೇ ಇದೆ. ಒಂದು ಮಿಲ್ಲಿನ ಚಿಮಣಿ ಅಷ್ಟನ್ನು ಒಂದು ಗಳಿಗೆಯಲ್ಲಿ ಉಗುಳುತ್ತದೆ. ಆದರೆ ನೆಲದೊಳಗೆ ಗ್ಯಾಸು ಹೇಗೆ ಕೂತಿರುತ್ತದೆ ಎಂದು ಜನರಿಗೆ ತೋರಿಸಲು ಇಷ್ಟು ಒಳ್ಳೆಯ ಮಾದರಿ ಜಿಲ್ಲೆಯಲ್ಲಿ ಮತ್ತೊಂದಿಲ್ಲ. ಬರೀ ಸೋಡಾದ ಗ್ಯಾಸು ಹಾಕಿದರೆ ಅದು ಸುಳ್ಳಾಗುತ್ತದೆ, ಜೋಳ ತುಂಬಿದರೆ ತಾನೇ ನಿಜವಾಗುತ್ತದೆ. ತುಂಬುವುದಾದರೆ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ.

ನಲವತ್ತು ಚೀಲ ಜೋಳ. ಪಂಪಾಪ‌ತಿಗೆ ಪಾಲಿನ ಹೊಲದಿಂದ ಬರುವುದು ಆರು. ಅವನು ಮತ್ತೆ ಎಡಗೈ ಎತ್ತಿ, ಮತ್ತೆ ಇಳಿಸಿದ.

ಆಗ ವೀರಭದ್ರಮ್ಮ ಒಳಗಿನಿಂದ ಬಂದಳು. ಸೀದಾ ಬಸ್ಸಮ್ಮನ ಮುಂದೆ ನಿಂತು, ಪೀರಾ ಸಾಬ್ ಮಂಗಳವಾರವೇ ಕೊಕ್ಕೆ ಹಾಕಿ ಮೇಲೆತ್ತಿ ಕೊಟ್ಟಿದ್ದ ಹಿತ್ತಾಳೆಯ ಸೌಟನ್ನು ಅವಳ ಕೈಗಿಟ್ಟಳು. ಆರು ವರ್ಷ ನಿನ್ನ ಮೇಲೆ ಸುಳ್ಳು ಹೊರಿಸಿದ್ದೆ, ಇದು ನೀನೇ ಇಟ್ಟುಕೋ ಎಂದಳು. ಬಸ್ಸಮ್ಮ ಸೌಟನ್ನು ತಿರುಗಿಸಿ ನೋಡಿದಳು.

“ನಮ್ಮದು ನಾಕು ಚೀಲ ಹಾಕ್ತೀವಿ ಯಕ್ಕಾ. ಆದ್ರ ಮುಂದ ಎಂದರ ಕನೆಕ್ಷನ್ ಬಂದ್ರ ಮೊದಲ್ನೇ ಹೆಸರು ನಂದೇ ಇರ್ಲಿ.”

ಆ ಮಾತಿನ ಮೇಲೆ ಉಳಿದ ಹತ್ತು ಮನೆಯವರಿಗೆ ಹಿಂದೆ ಬೀಳಲು ಮನಸ್ಸಾಗಲಿಲ್ಲ. ಗ್ಯಾಸು ಉರಿಯುವುದಿಲ್ಲವೆಂದು ಅಧಿಕಾರಿ ಹೇಳಿದ್ದು ನಿಜ, ಆದರೆ ಅಧಿಕಾರಿಗಳು ಎಲ್ಲವನ್ನೂ ಹೇಳುತ್ತಾರೆಯೇ? ಶಿವರಾತ್ರಿ ಕಳೆದು ಜೋಳ ಮನೆಗೆ ಬಂದಾಗ ಮೂವತ್ತೊಂಬತ್ತು ಚೀಲ ಹಗೇವಿಗೆ ಇಳಿಯಿತು. ನಲವತ್ತನೆಯದು ದೇವದುರ್ಗದಿಂದ ಬಿಳಿ ಕಾರಿನ ಡಿಕ್ಕಿಯಲ್ಲಿ ಬಂತು. ಅಕ್ಕ ಒಂದು ತಿಂಗಳು ಚನ್ನವೀರನಿಗೆ ರೊಟ್ಟಿ ಬಡಿಸಿರಲಿಲ್ಲ. ಸಿಮೆಂಟ್ ರಸ್ತೆ ಪಂಪಾಪತಿಯ ಮನೆಯ ಮುಂದೆ ಬಂದಾಗ ಮೂರು ಅಡಿ ಪಕ್ಕಕ್ಕೆ ಸರಿದು, ಹಗೇವಿಗೆ ದಾರಿ ಬಿಟ್ಟು, ಮತ್ತೆ ನೆಟ್ಟಗಾಗುತ್ತದೆ. ನಂಬದವರು ಹೋಗಿ ನೋಡಬಹುದು. ಇಡೀ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ.

ನಾಗರ ಪಂಚಮಿಯ ಹೊತ್ತಿಗೆ ಹಗೇವು ತೆರೆಯುವ ದಿನ ಬಂತು. ಮೌನೇಶ್ವರಿ ಡಬ್ಬಿ ತಂದಿದ್ದಳು. ಅಲ್ತಾಫ್ ಈ ಸಲ ಸೋಡಾ ತಂದಿದ್ದ. ಮಾನ್ವಿಯಿಂದ ವಿರೂಪಣ್ಣನೂ ಬಂದು, ಕಾಗದದ ಪ್ರಕಾರ ಇದು ನನ್ನ ಹಗೇವು ಎಂದು ಎಲ್ಲರಿಗೂ ಹೇಳಿ ಮುಂದಿನ ಸಾಲಿನಲ್ಲಿ ಕೂತಿದ್ದ. ಪಂಪಾಪತಿಯ ಬಾಯಿಂದ ಮಾತ್ರ ಬೆಳಗಿನಿಂದ ಒಂದು ಬಡಾಯಿಯೂ ಹೊರಟಿರಲಿಲ್ಲ. ಈ ಸಲ ಒಳಗಿದ್ದದ್ದು ಬರೀ ಜೋಳ, ಮೇಲಿದ್ದದ್ದು ಬರೀ ಮಣ್ಣು. ಏನಾಗುತ್ತದೆಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಪೀರಾ ಸಾಬ್ ಚಪ್ಪಡಿ ಸರಿಸಿ ಹಗ್ಗ ಬಿಟ್ಟರು. ಇಡೀ ಓಣಿ ಉಸಿರು ಹಿಡಿಯಿತು.

ಮೊದಲ ಮೊಳದಲ್ಲೇ ದೀಪ ಹೋಯಿತು.

ಪಂಪಾಪತಿ ಮೀಸೆ ಮುಟ್ಟುವುದನ್ನೂ ಮರೆತು, ಒದ್ದೆ ಕಣ್ಣಿನಲ್ಲಿ ಹಗೇವಿನ ಕತ್ತಲೆಯನ್ನು ನೋಡುತ್ತಾ ನಿಂತುಬಿಟ್ಟಿದ್ದ. ಜೀವಮಾನವಿಡೀ ದೀಪಕ್ಕೆ ‘ಆರುವ’ ಮಾತು ಆಡಗೊಡದ ವೀರಭದ್ರಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು ಗಂಡನ ಪಕ್ಕದಲ್ಲಿ ನಿಂತಳು.

“ಪೀರಾ ಚಾಚಾ,” ಎಂದಳು, “ಇನ್ನೊಮ್ಮಿ ಹಚ್ಚಿ ಬಿಡ್ರಿ. ಆರಿದ್ದು ನಾ ಸರಿಯಾಗಿ ನೋಡ್ಲಿಲ್ಲ.”